ಕಿಶೋರರ ಕೈಗೆ ಲೆಕ್ಕದ ಪುಸ್ತಕ

ಪ್ರತಿ ವರ್ಷ ಜೂನ್ ತಿಂಗಳ ಐದನೆಯ ದಿನ ನಮ್ಮ ನಾಡಿನ ಶಾಲೆಗಳಲ್ಲಿ ಜರುಗುವ ಪರಿಸರ ದಿನಾಚರಣೆಯ ಕ್ರಮ ಎಲ್ಲರಿಗೂ ಬಾಯಿಪಾಠವಾಗಿದೆ. ವೇದಿಕೆಯ ಹಿಂದೆ ಪ್ಲಾಸ್ಟಿಕ್ಕಿನ ದೊಡ್ಡ ಬ್ಯಾನರು, ಮುಂದೆ ಗಣ್ಯರ ಸಾಲು, ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಕಂಠಪಾಠದ ಭಾಷಣ, ಕೊನೆಗೆ ಆವರಣದ ಮೂಲೆಯಲ್ಲಿ ಸಸಿಯೊಂದಕ್ಕೆ ನೀರೆರೆಯುವ ಛಾಯಾಚಿತ್ರ. ಮರುವರ್ಷ ಸಸಿ ಹೊಸದು. ಗುಂಡಿ ಮಾತ್ರ ಹಳೆಯದೇ. ವಿನೋದಕ್ಕಾಗಿ ಈ ಮಾತನ್ನು ಆಡುತ್ತಿಲ್ಲ. ವಾಯುಗುಣದ ಬದಲಾವಣೆಯಂಥ ಗಂಭೀರ ವಿಷಯದಲ್ಲಿ ಹದಿಹರೆಯದ ಮಕ್ಕಳಿಗೆ ನಾವು ಕೊಟ್ಟಿರುವ ಪಾತ್ರ ಎಷ್ಟರದೆಂಬುದಕ್ಕೆ ಇದೇ ನಿದರ್ಶನ. ಅವರು ಭಾಷಣ ಮಾಡಬಹುದು, ಚಿತ್ರ ಬಿಡಿಸಬಹುದು, ಘೋಷಣೆ ಕೂಗಬಹುದು. ಕೆಲಸವನ್ನು ಮಾತ್ರ ನಾವು ಅವರ ಕೈಗೆ ಕೊಟ್ಟಿಲ್ಲ.

ಮಕ್ಕಳಿಗೆ ತಿಳಿವಳಿಕೆಯಿಲ್ಲವೆಂಬ ಮಾತು ಸಲ್ಲದು. ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ನಿರ್ದೇಶನ ನೀಡಿತು. ಹತ್ತನೆಯ ತರಗತಿಯ ಸಾಧಾರಣ ವಿದ್ಯಾರ್ಥಿಯೂ ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳನ್ನು ಸುಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡು ಭೂಮಿಯ ಶಾಖವನ್ನು ಹಿಡಿದಿಡುತ್ತದೆಂದು ಹೇಳಬಲ್ಲ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳತೆ ಪ್ರಾರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಈ ಅನಿಲ ಇಂದು 420ನ್ನು ದಾಟಿದೆ. ಕೈಗಾರಿಕೆಗಳ ಯುಗಕ್ಕೆ ಮೊದಲಿನ ಉಷ್ಣತೆಗೆ ಹೋಲಿಸಿದರೆ 2024ನೆಯ ವರ್ಷ ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಅದುವರೆಗೆ ಅಳತೆಗೆ ಸಿಕ್ಕ ವರ್ಷಗಳಲ್ಲಿ ಅಷ್ಟು ಬಿಸಿಯಾದದ್ದು ಇನ್ನೊಂದಿರಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಊರುಗಳು ಮುಳುಗಿದ್ದನ್ನೂ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದದ್ದನ್ನೂ ಈ ಮಕ್ಕಳು ತಮ್ಮ ಎಳೆಯ ವಯಸ್ಸಿನಲ್ಲಿಯೇ ಕಂಡಿದ್ದಾರೆ. ಒಂದು ಪ್ರವಾಹವನ್ನೋ ಒಂದು ಬರವನ್ನೋ ಎತ್ತಿ ತೋರಿಸಿ ಇದು ಭೂಮಿಯ ಬಿಸಿಯ ಫಲವೇ ಎಂದು ಸಾಧಿಸುವುದು ಸುಲಭವಲ್ಲ. ಆದರೆ ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹೊರುತ್ತದೆ. ಸುರಿದಾಗ ಒಮ್ಮೆಲೇ ಸುರಿಸುತ್ತದೆ, ಸುರಿಸದಿದ್ದಾಗ ನೆಲದ ತೇವವನ್ನು ಬೇಗ ಹೀರುತ್ತದೆ. ಇದರಲ್ಲಿ ಸಂಶಯವಿಲ್ಲ.

ಹಾಗಾದರೆ ಮಕ್ಕಳು ಮಾಡಬೇಕಾದದ್ದೇನು? ದೀಪ ಆರಿಸಿರಿ, ನಲ್ಲಿ ತಿರುಗಿಸಿರಿ, ಬಟ್ಟೆಯ ಚೀಲ ಹಿಡಿಯಿರಿ ಎಂಬ ಉಪದೇಶದ ಪಟ್ಟಿ ಎಲ್ಲ ಕಡೆಯೂ ಸಿಗುತ್ತದೆ. ಪಟ್ಟಿ ಸುಳ್ಳಲ್ಲ. ಆದರೆ ಅದರ ಹಿಂದೆ ಒಂದು ಅನ್ಯಾಯ ಅಡಗಿದೆ. ‘ಇಂಗಾಲದ ಹೆಜ್ಜೆಗುರುತು’ ಎಂಬ ಮಾತನ್ನು ಜಗತ್ತಿನ ಮನೆಮಾತಾಗಿಸಿದ್ದು ಈ ಶತಮಾನದ ಮೊದಲ ದಶಕದಲ್ಲಿ ಬ್ರಿಟನ್ನಿನ ಒಂದು ಭಾರಿ ತೈಲ ಕಂಪನಿ ಹೊರಡಿಸಿದ ಜಾಹೀರಾತುಗಳೆಂಬುದನ್ನು ಅನೇಕರು ಅರಿಯರು. ಅಮೆರಿಕದ ಪ್ರಜೆಯೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡು ಬಂದರೆ ಭಾರತೀಯನ ಪಾಲಿಗೆ ಬರುವುದು ಸುಮಾರು 2 ಟನ್. ಎರಡು ಜೊತೆ ಸಮವಸ್ತ್ರ, ಒಂದು ಟ್ರಂಕು, ಒಂದು ತಟ್ಟೆ, ಒಂದು ಲೋಟ ಇವಿಷ್ಟೇ ಆಸ್ತಿಯಾಗಿ ನಮ್ಮ ಪ್ರಸಾದ ನಿಲಯಗಳಿಗೆ ಬಂದು ಸೇರುವ ರೈತರ ಮಕ್ಕಳ ತಲೆಯ ಮೇಲೆ ಭೂಮಿಯನ್ನು ಬಿಸಿ ಮಾಡಿದ ಅಪರಾಧ ಹೊರಿಸುವುದು ಧರ್ಮವಲ್ಲ.

ಆದಕಾರಣ ನನ್ನ ಅಭಿಪ್ರಾಯ ಬೇರೆಯೇ ಆಗಿದೆ. ಹದಿಹರೆಯದವರ ಶಕ್ತಿ ಅವರು ಕಡಿಮೆ ಮಾಡಬಹುದಾದ ಸ್ವಂತ ಖರ್ಚಿನಲ್ಲಿಲ್ಲ. ಅವರಿಗೆ ಖರ್ಚೇ ಇಲ್ಲ. ಆ ಶಕ್ತಿ ಇರುವುದು ಅಳೆಯುವುದರಲ್ಲಿ, ಅಳೆದದ್ದನ್ನು ಬರೆದಿಡುವುದರಲ್ಲಿ, ಬರೆದದ್ದನ್ನು ಹಿರಿಯರ ಮುಂದೆ ಓದಿ ಹೇಳುವುದರಲ್ಲಿ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಹಣದ ಲೆಕ್ಕ ಇಡುವವರು ಇದ್ದಾರೆ. ಅನ್ನದ, ವಿದ್ಯುತ್ತಿನ, ಇಂಧನದ ಲೆಕ್ಕ ಇಡುವವರು ಯಾರೂ ಇಲ್ಲ. ತೀಕ್ಷ್ಣವಾದ ಕಣ್ಣು, ಹೊಸದಾಗಿ ಕಲಿತ ಗಣಿತ, ಅಂಜಿಕೆಯಿಲ್ಲದ ನಾಲಗೆ ಇವು ಮೂರೂ ಒಟ್ಟಿಗಿರುವ ವಯಸ್ಸು ಅದೊಂದೇ.

ಈ ದಾರಿ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಅಲ್ಲಿಯ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಿಗೆ ಹೋಗಿ, ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು, ನೀರು ಹೊರಲು ಹೆಂಗಸರೂ ಮಕ್ಕಳೂ ಎಷ್ಟು ಗಂಟೆ ಕಳೆಯುತ್ತಾರೆ ಎಂಬುದನ್ನು ತಾಳ್ಮೆಯಿಂದ ಲೆಕ್ಕ ಹಾಕಿದರು. ಹಳ್ಳಿಯ ಶಕ್ತಿಯ ಬಹುಪಾಲು ಅಡಿಗೆಯ ಒಲೆಯಲ್ಲಿಯೇ ಉರಿದು ಹೋಗುತ್ತದೆ, ಆ ಶಾಖದಲ್ಲಿಯೂ ಹೆಚ್ಚಿನದು ಪಾತ್ರೆಗೆ ತಾಗದೆ ವ್ಯರ್ಥವಾಗುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ‘ಅಸ್ತ್ರ ಒಲೆ’ ರೂಪುಗೊಂಡದ್ದು ಅನಂತರ. ಈ ಸಂಚಿಕೆಯ ಹಿರಿಯ ಓದುಗರಲ್ಲಿ ಹಲವರ ಮನೆಯಲ್ಲಿ ಅದು ಉರಿದಿರಲೂಬಹುದು. ಲೆಕ್ಕ ಮೊದಲು ಬಂತು, ಒಲೆ ಆಮೇಲೆ ಬಂತು ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ನಮ್ಮಂಥ ಸಂಸ್ಥೆಗಳಲ್ಲಿ ಲೆಕ್ಕ ತೊಡಗಬೇಕಾದದ್ದು ಪ್ರಸಾದದ ಪಂಕ್ತಿಯಿಂದ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ಹಾಳಾದ ಆಹಾರ 105 ಕೋಟಿ ಟನ್. ಹೊಲದಿಂದ ತಟ್ಟೆಯವರೆಗಿನ ದಾರಿಯಲ್ಲಿ ನಷ್ಟವಾಗುವ ಆಹಾರವೆಲ್ಲ ಸೇರಿದರೆ, ಮನುಷ್ಯರು ಹೊರಬಿಡುವ ಶಾಖವರ್ಧಕ ಅನಿಲಗಳಲ್ಲಿ ನೂರಕ್ಕೆ 8ರಿಂದ 10 ಪಾಲು ಅದರದೇ. ಇದು ಹೇಗೆಂದು ಕೇಳುವವರು ಒಂದು ಅಗುಳು ಅನ್ನದ ಹಿಂದೆ ನಡೆದು ನೋಡಬೇಕು. ನೀರು ನಿಂತ ಗದ್ದೆಯ ಕೆಸರಿನಿಂದ ಏಳುವ ಮೀಥೇನ್ ಅನಿಲ, ಯೂರಿಯಾ ತಯಾರಿಸಲು ವ್ಯಯವಾದ ಇಂಧನ, ಪಂಪ್‌ಸೆಟ್ಟಿನ ವಿದ್ಯುತ್ತು, ಗಿರಣಿ, ಲಾರಿ, ಕಡೆಗೆ ಅಡಿಗೆಮನೆಯ ಗ್ಯಾಸು. ಇಷ್ಟೆಲ್ಲ ದಾಟಿ ಬಂದ ಅನ್ನ ತಿಪ್ಪೆಯ ತಳದಲ್ಲಿ ಗಾಳಿಯಾಡದೆ ಕೊಳೆತರೆ ಮತ್ತೊಮ್ಮೆ ಮೀಥೇನ್. ಇಪ್ಪತ್ತು ವರ್ಷಗಳ ಅವಧಿಯನ್ನು ಗಣಿಸಿದರೆ, ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಪ್ರಬಲ.

ಮುನ್ನೂರು ಮಕ್ಕಳಿರುವ ಒಂದು ನಿಲಯವನ್ನು ಊಹಿಸೋಣ. ತಲೆಗೆ ದಿನಕ್ಕೆ 50 ಗ್ರಾಂ, ಅಂದರೆ ಒಂದೆರಡು ತುತ್ತು, ತಟ್ಟೆಯಲ್ಲಿ ಉಳಿಯಿತೆಂದುಕೊಂಡರೆ ದಿನಕ್ಕೆ 15 ಕಿಲೋ. ವರ್ಷದ 200 ದಿನಗಳಲ್ಲಿ 3 ಟನ್. ತುತ್ತು ಬಿಟ್ಟವನಿಗೆ ಮೂರು ಟನ್ ಕಾಣಿಸುವುದಿಲ್ಲ, ತೂಗಿದವನಿಗೆ ಕಾಣಿಸುತ್ತದೆ. ಪಂಕ್ತಿ ಎದ್ದ ಮೇಲೆ ಎಂಜಲ ಬುಟ್ಟಿಯನ್ನು ತಕ್ಕಡಿಗೆ ಇಡುವ ಕೆಲಸವನ್ನು ಒಂಬತ್ತನೆಯ, ಹತ್ತನೆಯ ತರಗತಿಯವರು ಸರದಿಯಂತೆ ವಹಿಸಿಕೊಂಡು, ಅಂದಿನ ತೂಕವನ್ನು ಅಡಿಗೆಮನೆಯ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಯಲಿ. ಹೆಸರು ಹಿಡಿದು ಯಾರನ್ನೂ ನಿಂದಿಸಬೇಕಾಗಿಲ್ಲ. ಊಟ ಮುಗಿದ ಮೇಲೆ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿದೇ ಏಳುವ ಪದ್ಧತಿಯನ್ನು ಬಲ್ಲ ಹಿರಿಯರಿಗೆ ಇದರ ಅರ್ಥವನ್ನು ವಿವರಿಸುವ ಅಗತ್ಯವಿಲ್ಲ.

ಆದರೆ ತಕ್ಕಡಿ ನಿಷ್ಪಕ್ಷಪಾತಿ. ಅದು ಮಕ್ಕಳ ದೋಷವನ್ನಷ್ಟೇ ಹೇಳುವುದಿಲ್ಲ. ವಾರದ ಒಂದು ನಿಶ್ಚಿತ ದಿನವೇ ಬುಟ್ಟಿ ಭಾರವಾಗುತ್ತಿದ್ದರೆ ಅಂದಿನ ಸಾರಿನ ರುಚಿಯನ್ನು ವಿಚಾರಿಸಬೇಕಾಗುತ್ತದೆ. ಕೇಳುವ ಮೊದಲೇ ಎರಡು ಸೌಟು ಸುರಿಯುವ ಬಡಿಸುವವರ ಕೈಯನ್ನೂ ಗಮನಿಸಬೇಕಾಗುತ್ತದೆ. ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ: ದಾನಿಗಳು ತಮ್ಮ ಮನೆಯ ಶುಭಕಾರ್ಯದ ಪ್ರಯುಕ್ತ ವಿಶೇಷ ದಾಸೋಹ ನಡೆಸಿಕೊಡುವ ದಿನ, ಎರಡು ಬಗೆಯ ಸಿಹಿ, ಮೂರು ಬಗೆಯ ಅನ್ನವಿರುವ ದಿನ, ನಾನು ಕಂಡಂತೆ, ಬುಟ್ಟಿ ಎಲ್ಲಕ್ಕಿಂತ ಭಾರ. ಮಕ್ಕಳು ಆ ಅಂಕಿಯನ್ನೂ ಹಲಗೆಯ ಮೇಲೆ ಬರೆಯುತ್ತಾರೆ. ಬರೆಯಲು ಬಿಡುವ ಧೈರ್ಯ ನಮಗಿದೆಯೇ?

ವಿದ್ಯುತ್ತಿನ ವಿಷಯವೂ ಇಂಥದೇ. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ದೇಶದ ವಿದ್ಯುತ್ ಜಾಲದ ಸರಾಸರಿ ಹಿಡಿದರೆ ನಾವು ಬಳಸುವ ಒಂದೊಂದು ಯೂನಿಟ್ಟಿಗೂ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಹಳೆಯ ಮಾದರಿಯ 75 ವ್ಯಾಟಿನ ನಲವತ್ತು ಫ್ಯಾನುಗಳು ಖಾಲಿ ಕೊಠಡಿಗಳಲ್ಲಿ ದಿನಕ್ಕೆ ಎರಡು ಗಂಟೆ ತಿರುಗಿದರೆ 6 ಯೂನಿಟ್ಟು, 200 ದಿನಗಳಿಗೆ 1200 ಯೂನಿಟ್ಟು. ಮೀಟರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿ ಬರೆದಿಡುವ ವಿದ್ಯಾರ್ಥಿನಿಗೆ ರವಿವಾರವೂ ಅಂಕಿ ಏಕೆ ಏರುತ್ತಿದೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಹೆಚ್ಚು ಚುರುಕಾದವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇಲಿನ ತೊಟ್ಟಿಗೆ ನೀರೆತ್ತುವ ಪಂಪನ್ನು ಸಂಜೆಯ ಬದಲು ಮಧ್ಯಾಹ್ನ ಏಕೆ ಹಚ್ಚಬಾರದೆಂದು ಕೇಳಿಯಾಳು. ಅದು ಸರಿಯಾದ ಪ್ರಶ್ನೆ. ನಡುಹಗಲಿನಲ್ಲಿ ಪಾವಗಡದಂಥ ಕಡೆಯ ಸೌರ ವಿದ್ಯುತ್ತು ಜಾಲಕ್ಕೆ ಧಾರಾಳವಾಗಿ ಹರಿಯುತ್ತದೆ. ಸೂರ್ಯ ಮುಳುಗಿ ಊರೂರಿನ ದೀಪಗಳು ಹೊತ್ತಿಕೊಂಡಾಗ ಕಲ್ಲಿದ್ದಲಿನ ಮೇಲೆಯೂ ಜಲಾಶಯಗಳ ಮೇಲೆಯೂ ಭಾರ ಬೀಳುತ್ತದೆ. ಒಂದೇ ಪಂಪು, ಅಷ್ಟೇ ನೀರು. ಬದಲಾದದ್ದು ಗುಂಡಿ ಒತ್ತುವ ಹೊತ್ತು ಮಾತ್ರ.

ಮನೆಯಿಂದ ಬಂದು ಹೋಗುವ ಮಕ್ಕಳ ಬಗೆಗೆ ದೀರ್ಘವಾಗಿ ಹೇಳಬೇಕಾದದ್ದಿಲ್ಲ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡು. ಮೂರು ಕಿಲೋಮೀಟರ್ ದೂರದ ಟ್ಯೂಷನ್ನಿಗೆ ಹದಿನೈದರ ಹುಡುಗನ ಕೈಗೆ ಸ್ಕೂಟರು ಕೊಡುವ ತಂದೆಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ 25,000 ರೂಪಾಯಿ ದಂಡವನ್ನೂ ಸೆರೆವಾಸವನ್ನೂ ವಿಧಿಸಬಲ್ಲದು. ಇಲ್ಲಿ ತಿಳಿವಳಿಕೆ ಬೇಕಾಗಿರುವುದು ಹುಡುಗನಿಗೋ ತಂದೆಗೋ ಎಂಬುದನ್ನು ಓದುಗರೇ ನಿರ್ಧರಿಸಲಿ.

ಇದಕ್ಕೆಲ್ಲ ಎರಡು ಆಕ್ಷೇಪಣೆಗಳು ಏಳಬಹುದು. ಪರೀಕ್ಷೆಯ ಒತ್ತಡದಲ್ಲಿರುವ ಮಕ್ಕಳಿಗೆ ಇದೆಲ್ಲಿಯ ಹೊರೆ ಎಂಬುದು ಮೊದಲನೆಯದು. ದಿನಕ್ಕೆ ಹತ್ತು ನಿಮಿಷ, ಅದೂ ಸರದಿಯಂತೆ; ಸಂಖ್ಯಾಶಾಸ್ತ್ರದ ಸರಾಸರಿಯನ್ನು ಕಲ್ಪಿತ ಅಂಕಿಗಳ ಬದಲು ತಮ್ಮ ಊಟದ ಅಂಕಿಗಳಿಂದ ಕಲಿತರೆ ಗಣಿತದ ಅಧ್ಯಾಪಕರಿಗೆ ನಷ್ಟವೇನೂ ಇಲ್ಲ. ಹುಡುಗರಿಗೇನು ತಿಳಿಯುತ್ತದೆ ಎಂಬುದು ಎರಡನೆಯದು, ಹೆಚ್ಚು ಗಟ್ಟಿಯಾದದ್ದು. ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ನಿಂತು ಈ ಲೆಕ್ಕವನ್ನು ಓದಬೇಕು, ಸಭೆ ಅದಕ್ಕೆ ಲಿಖಿತವಾಗಿ ಉತ್ತರ ಕೊಡಬೇಕು ಎಂಬುದು ನನ್ನ ಸಲಹೆ. ಉತ್ತರ ‘ಸಾಧ್ಯವಿಲ್ಲ, ಹಣವಿಲ್ಲ’ ಎಂದೇ ಇರಲಿ. ಕಾರಣ ತಿಳಿಸಿ ಕೊಟ್ಟ ನಿರಾಕರಣೆಯೂ ಶಿಕ್ಷಣವೇ. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ನಮ್ಮ ದೇಶವು 2070ರ ಹೊತ್ತಿಗೆ ಶಾಖವರ್ಧಕ ಅನಿಲಗಳ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ಇಳಿಸುವುದಾಗಿ ಮಾತು ಕೊಟ್ಟಿದೆ. ಇಂದು ಒಂಬತ್ತನೆಯ ತರಗತಿಯ ಬೆಂಚಿನಲ್ಲಿ ಕುಳಿತವರು ಆಗ ಅರುವತ್ತರ ಹೊಸ್ತಿಲಲ್ಲಿರುತ್ತಾರೆ. ಮಾತು ಕೊಟ್ಟ ಪೀಳಿಗೆಯಲ್ಲಿ ಹೆಚ್ಚಿನವರು ಇರುವುದಿಲ್ಲ. ಸಾಲ ತೀರಿಸಬೇಕಾದವರಿಗೆ ಪತ್ರವನ್ನು ಓದುವ ಹಕ್ಕಾದರೂ ಬೇಡವೇ?

ಕೊನೆಯದಾಗಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ಈ ನಾಡಿನ ಶಾಲೆಗಳು ನಿಂತಿರುವುದೇ ತಮ್ಮಂಥವರ ಔದಾರ್ಯದಿಂದ. ಕೊಠಡಿ ಕಟ್ಟಿಸಿದವರ ಹೆಸರು ಬಾಗಿಲ ಮೇಲಿನ ಅಮೃತಶಿಲೆಯಲ್ಲಿರುತ್ತದೆ, ಇರಬೇಕಾದದ್ದೇ. ಆದರೆ ಮಕ್ಕಳ ಲೆಕ್ಕ ಕೇಳುವ ದಾನಗಳಿಗೆ ಫಲಕ ಜಡಿಯಲು ಗೋಡೆಯೇ ಸಿಗದು. 75 ವ್ಯಾಟಿನ ಫ್ಯಾನಿನ ಬದಲು ಸುಮಾರು 30 ವ್ಯಾಟಿನಲ್ಲಿ ತಿರುಗುವ ಹೊಸ ಮಾದರಿಯ ನಲವತ್ತು ಫ್ಯಾನುಗಳನ್ನು ಹಾಕಿಸಿಕೊಟ್ಟರೆ, ಹತ್ತು ಗಂಟೆ ತಿರುಗಿದಾಗ ದಿನಕ್ಕೆ 18 ಯೂನಿಟ್ಟು ಉಳಿಯುತ್ತದೆ. ಮುಸುರೆಯಿಂದ ಅಡಿಗೆಗೆ ಅನಿಲ ಕೊಡುವ ಗೊಬ್ಬರ ಅನಿಲ ಸ್ಥಾವರ, ಸ್ನಾನದ ನೀರನ್ನು ಬಿಸಿಲಿನಲ್ಲಿ ಕಾಯಿಸುವ ಸಾಧನ ಇವೂ ಹೀಗೆಯೇ ಹಿತ್ತಲಲ್ಲೋ ಮಾಳಿಗೆಯ ಮೇಲೋ ಕಣ್ಣಿಗೆ ಬೀಳದೆ ಇರುತ್ತವೆ. ದಾನಿಯ ಹೆಸರು ವಿದ್ಯಾರ್ಥಿಗಳ ಪುಸ್ತಕದಲ್ಲಿ, ಅಂಕಿ ಇಳಿದ ತಿಂಗಳ ಎದುರಿಗೆ, ಶಾಯಿಯಲ್ಲಿ ಬರೆದಿರುತ್ತದೆ.

ಮುಂದಿನ ಶೈಕ್ಷಣಿಕ ವರ್ಷದ ಮೊದಲ ವಾರದಲ್ಲಿಯೇ ಇದನ್ನು ಪ್ರಾರಂಭಿಸಬಹುದು. ಒಂದು ತಕ್ಕಡಿ, ಎರಡು ದಪ್ಪ ರಿಜಿಸ್ಟರು, ಮೀಟರು ಕೋಣೆಯ ಬೀಗದ ಕೈ ಇಷ್ಟು ಸಾಕು. ಮೊದಲಿನವೆರಡನ್ನು ಪೇಟೆಯಿಂದ ತರಬಹುದು. ಬೀಗದ ಕೈ ಬಹುತೇಕ ಶಾಲೆಗಳಲ್ಲಿ ಗುಮಾಸ್ತರ ಮೇಜಿನ ಡ್ರಾಯರಿನಲ್ಲಿರುತ್ತದೆ.