ಹಾರ ಸಾಕು, ಹೊಂಗೆ ನೆಡೋಣ

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತೆಂದರೆ ಹೈದರಾಬಾದಿನ ಕನ್ನಡಿಗರಾದ ನಮಗೆ ಎದೆ ಉಬ್ಬುತ್ತದೆ. 1908ರ ಮೂಸಿ ಪ್ರವಾಹದಲ್ಲಿ ಸಾವಿರಾರು ಜನ ಕೊಚ್ಚಿಹೋದ ಮೇಲೆ, ಈ ಊರನ್ನು ಕಾಪಾಡುವ ಉಪಾಯ ಹೇಳಲು ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಂತೆ ಮೂಸಿಗೆ ಉಸ್ಮಾನ್ ಸಾಗರ (1920), ಈಸಿಗೆ ಹಿಮಾಯತ್ ಸಾಗರ (1927) ಬಂದವು. ಫೋಟೋಗೆ ಹಾರ ಹಾಕುತ್ತೇವೆ, ಭಾಷಣ ಮಾಡುತ್ತೇವೆ, ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತೇವೆ. ಆ ಸಾಗರಗಳಿಗೆ ನೀರು ತರುವ ಹೊಳೆಹಳ್ಳಗಳ ಗತಿ ಏನಾಯಿತೆಂದು ಕೇಳುವವರು ನಮ್ಮಲ್ಲಿ ಯಾರು?

ಮೂಸಿ ಹುಟ್ಟುವುದು ವಿಕಾರಾಬಾದಿನ ಅನಂತಗಿರಿಯಲ್ಲಿ. ಅದೇ ಗುಡ್ಡಸಾಲಿನ ಪಡುವಣ ಮಗ್ಗುಲಿನ ನೀರು ತಾಂಡೂರಿನ ಮೇಲೆ ಹರಿದು ಕಾಗಿಣಾ ಸೇರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಇರುವುದು ಆ ಕಾಗಿಣಾ ದಡದಲ್ಲಿ. ಇದು ಪರರ ಹೊಳೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ನದಿಯ ಉದ್ಧಾರವೆಂದರೆ ಊರೊಳಗಿನ ದಡಕ್ಕೆ ಗೋಡೆ, ಕಲ್ಲುಹಾಸು, ದೀಪದ ಕಂಬ ಎಂಬ ಭಾವನೆ ಬೆಳೆದಿದೆ. ನಗರದ ಕೊಳಚೆ ತಡೆಯುವ ಕೆಲಸ ಬೇರೆಯೇ ಇದೆ, ಅದನ್ನು ಮರ ಮಾಡಲಾರದು ನಿಜ. ಆದರೆ ಹೊಳೆಯ ಹಣೆಬರಹ ಮೊದಲು ಬರೆಯುವುದು ಮೇಲೆ, ಹೊಲಗಳ ಅಂಚಿನಲ್ಲಿ. ದಡದ ತನಕ ಉತ್ತ ಹೊಲದ ಮಣ್ಣು ಮಳೆಗೆ ಹಳ್ಳಕ್ಕಿಳಿದು ಕೆರೆಯಲ್ಲಿ ಹೂಳಾಗುತ್ತದೆ. ಯೂರಿಯಾ, ಕೀಟನಾಶಕಗಳೂ ಅದರ ಬೆನ್ನಿಗೇ ಇಳಿಯುತ್ತವೆ. ಅಂಚಿನಲ್ಲಿ ಮರ, ಪೊದೆ, ಹುಲ್ಲು ಮೂರೂ ಇದ್ದರೆ ಹುಲ್ಲು ನೀರಿನ ವೇಗ ತಗ್ಗಿಸಿ ಮಣ್ಣನ್ನು ತಡೆಯುತ್ತದೆ. ಬೇರು ದಡವನ್ನು ಹಿಡಿಯುತ್ತದೆ. ಹೆಚ್ಚು ನೀರು ನೆಲಕ್ಕೆ ಇಂಗುತ್ತದೆ.

ಬರೀ ಹಸಿರಾದರೆ ಸಾಲದು. ಅಮೆರಿಕಾ ಖಂಡದಿಂದ ಬಂದ ಗಿಡಕ್ಕೆ ನಾವು ಬಳ್ಳಾರಿ ಜಾಲಿ ಎಂದೆವು, ತೆಲುಗರು ಸರ್ಕಾರು ತುಮ್ಮ ಎಂದರು. ಹೆಸರು ಸ್ವದೇಶಿಯಾದರೂ ಅದು ಹಳ್ಳಕೊಳ್ಳಗಳನ್ನು ಆಕ್ರಮಿಸಿತು. ಹೊಳೆಯಂಚಿಗೆ ತಕ್ಕವು ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ. ಇಲ್ಲಿಯ ರೈತನ ಬಾಯಲ್ಲಿ ತೆಲ್ಲಮದ್ದಿ, ಕಾನುಗ, ನೇರೇಡು, ಮೇಡಿ. ಅವುಗಳ ನಡುವೆ ಲಕ್ಕಿ, ಲಾವಂಚ. ನೆರೆಯೂ ಬರವೂ ಇವಕ್ಕೆ ಹೊಸದಲ್ಲ.

ಬಿಟ್ಟ ಜಾಗಕ್ಕೆ ಬೆಲೆ ಕೊಡುವವರು ಯಾರೆಂದು ರೈತ ಕೇಳಿದರೆ ಅದು ನ್ಯಾಯವೇ. ನೀರು ನಮಗೆ, ನಷ್ಟ ಅವನಿಗೆ ಎನ್ನುವುದು ಧರ್ಮವಲ್ಲ. ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬದುಕಿ ಉಳಿದ ಸಸಿಯ ಲೆಕ್ಕದಲ್ಲಿ ರೈತನಿಗೆ ಮೂರು ವರ್ಷ ಹಣ ಕೊಡುವ ದಾರಿ ತೋರಿಸಿದೆ. ಹೊಳೆಯಂಚಿನ ಪಟ್ಟಿಗೂ ಇಂಥದೇ ವ್ಯವಸ್ಥೆ ಬೇಕು. ಹೊಂಗೆಸೊಪ್ಪಂತೂ ಹೊಲಕ್ಕೇ ಗೊಬ್ಬರ.

1996ರ 111ನೇ ಸರ್ಕಾರಿ ಆದೇಶ ಎರಡೂ ಸಾಗರಗಳ ಸುತ್ತ 10 ಕಿಲೋಮೀಟರ್ ಒಳಗೆ ಮಾಲಿನ್ಯಕಾರಿ ಕಾರ್ಖಾನೆ, ಬಡಾವಣೆಗಳನ್ನು ನಿಷೇಧಿಸಿತ್ತು. 2022ರಲ್ಲಿ ಆ ನಿರ್ಬಂಧ ತೆಗೆಯಲು ಸರ್ಕಾರ ಹೊಸ ಆದೇಶ ಹೊರಡಿಸಿತು. ಹೊಲವೇ ಸೈಟಾದ ಮೇಲೆ ಅಂಚೆಲ್ಲಿ, ಮರವೆಲ್ಲಿ? ಅಲ್ಲಿ ಸೈಟಿನ ಬೆಲೆ ವಿಚಾರಿಸುವವರಲ್ಲಿ ನಮ್ಮವರೂ ಇಲ್ಲವೇ? ಎದೆ ಮುಟ್ಟಿಕೊಂಡು ಉತ್ತರ ಹೇಳೋಣ.

ಸಂಘದ ಮುಂದೆ ನಮ್ಮ ಬೇಡಿಕೆ ಎರಡೇ. ಹೊಳೆಯಂಚಿನ ರೈತನಿಗೆ ಪ್ರೋತ್ಸಾಹಧನ ಕೊಡಬೇಕೆಂದು ಸರ್ಕಾರಕ್ಕೆ ಮನವಿ ಹೋಗಲಿ. ಬೇಸಿಗೆಯಲ್ಲಿ ಮನೆಮನೆಯ ಮಕ್ಕಳು ಹೊಂಗೆಬೀಜ ಕೂಡಿಡಲಿ. ಆರಿದ್ರಾ ಮಳೆಯ ಹೊತ್ತಿಗೆ ಒಪ್ಪಿದ ರೈತರ ಅಂಚಿನಲ್ಲಿ ಬಿತ್ತೋಣ. ಸೆಪ್ಟೆಂಬರ್ 15ರಂದು ಅವುಗಳಲ್ಲಿ ಎಷ್ಟು ಮೊಳೆತು ನಿಂತಿವೆ ಎಂಬ ಲೆಕ್ಕವನ್ನು ಸಭೆಗೆ ಒಪ್ಪಿಸಿ, ಆಮೇಲೆ ವಿಶ್ವೇಶ್ವರಯ್ಯನವರಿಗೆ ಹಾರ ಹಾಕೋಣ.