ಕೋಟಿಗಳ ಸುಗ್ಗಿಯಲ್ಲಿ ಕನ್ನಡದ ಪಾಲು

2022ನೆಯ ಇಸವಿಯು ಕನ್ನಡ ಚಲಚ್ಚಿತ್ರಕ್ಕೆ ಸುಗ್ಗಿಯ ವರ್ಷವಾಗಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ವರ್ಷದ ಏಪ್ರಿಲ್ 14ರಂದು ‘ಕೆ.ಜಿ.ಎಫ್.’ನ ಎರಡನೆಯ ಅಧ್ಯಾಯ, ಜೂನ್ 10ರಂದು ‘777 ಚಾರ್ಲಿ’, ಜುಲೈ 28ರಂದು ‘ವಿಕ್ರಾಂತ್ ರೋಣ’, ಸೆಪ್ಟೆಂಬರ್ 30ರಂದು ‘ಕಾಂತಾರ’, ಹೀಗೆ ಆರು ತಿಂಗಳೊಳಗೆ ನಾಲ್ಕು ಚಿತ್ರಗಳು ತೆರೆಗೆ ಬಂದು, ಕನ್ನಡದ ಗಡಿಯನ್ನು ದಾಟಿ ಅನ್ಯಭಾಷೆಗಳಲ್ಲಿಯೂ ಪ್ರೇಕ್ಷಕರನ್ನು ಕಂಡವು. 2025ರ ಅಕ್ಟೋಬರ್ 2ರಂದು ‘ಕಾಂತಾರ’ದ ಪೂರ್ವಕಥೆಯು ಹಲವು ಭಾಷೆಗಳಲ್ಲಿ ತೆರೆಕಂಡಾಗ ಅದೇ ಉತ್ಸಾಹವು ಮರುಕಳಿಸಿತು. ಯಾವ ಚಿತ್ರ ಎಷ್ಟು ಕೋಟಿ ಗಳಿಸಿತೆಂಬ ಲೆಕ್ಕವನ್ನು ಇಂದು ಚಹಾದಂಗಡಿಯ ಹುಡುಗನೂ ಬಾಯಿಪಾಠವಾಗಿ ಹೇಳಬಲ್ಲ. ಆ ಕೋಟಿಗಳು ನಿರ್ಮಾಪಕರಿಗೂ ಹಂಚಿಕೆದಾರರಿಗೂ ಸೇರಿದುವು. ಟಿಕೆಟು ಕೊಂಡು ನೋಡಿದ ಮುಂಬಯಿಯ ಕನ್ನಡಿಗನಿಗೆ ಈ ಸುಗ್ಗಿಯಿಂದ ದೊರೆತದ್ದೇನು ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಈ ಚಿತ್ರಗಳು ಬಂದ ಕಾಲವನ್ನು ಮೊದಲು ನೆನೆಯಬೇಕು. 2020ರ ಮಾರ್ಚಿನಲ್ಲಿ ಮಹಾಮಾರಿಯ ಕಾರಣ ಈ ನಗರದ ಹೋಟೇಲುಗಳ ಬಾಗಿಲು ಮುಚ್ಚಿದಾಗ ನಮ್ಮವರು ಸಹಸ್ರ ಸಂಖ್ಯೆಯಲ್ಲಿ ಊರು ಸೇರಿದರು. ಮಹಾರಾಷ್ಟ್ರದ ಚಿತ್ರಮಂದಿರಗಳು ಎರಡನೆಯ ಅಲೆಯ ನಂತರ ಮತ್ತೆ ತೆರೆದದ್ದು 2021ರ ಅಕ್ಟೋಬರ್ 22ರಂದು. ಹಾಗೆ ಹೋದವರಲ್ಲಿ ಮರಳಿ ಬಂದವರು ಕಳೆದ ಸಂಬಳದ ಚಿಂತೆಯಲ್ಲಿ ದಿನ ನೂಕುತ್ತಿದ್ದಾಗ, ಅಂಧೇರಿ, ಥಾಣೆ, ಘಾಟ್‌ಕೋಪರಗಳ ಗೋಡೆಗಳ ಮೇಲೆ ಕನ್ನಡದ ನಟರ ಮುಖಗಳು ಕಾಣಿಸಿಕೊಂಡುವು. ಮೇಜಿನ ಬಳಿ ಕುಳಿತ ಗಿರಾಕಿಯು ಮಾಣಿಯನ್ನು ಕರೆದು, “ಇದು ನಿಮ್ಮ ಕಡೆಯ ಚಿತ್ರವಂತೆ” ಎಂದು ಕೇಳುವಂತಾಯಿತು. ತಟ್ಟೆಯ ಇಡ್ಲಿಯಿಂದ ಮಾತ್ರವೇ ಪರಿಚಿತವಾಗಿದ್ದ ನಾಡೊಂದು ಕಥೆಯ ಮೂಲಕವೂ ಪರಿಚಿತವಾಯಿತೆಂಬುದು ಅಲ್ಪ ಸಂತೋಷವಲ್ಲ.

ಸಂತೋಷವು ವಿವೇಚನೆಯನ್ನು ಮರೆಸಬಾರದು. ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ನ ನಾಯಕನು ತಾಯಿಯನ್ನು ಕಳೆದುಕೊಂಡ ಬಡ ಬಾಲಕ. ಮುಂಬಯಿಯ ಬೀದಿಗೆ ಬಂದು ಬೂಟು ಒರೆಸಿ ಬದುಕುವವನು. ಇಲ್ಲಿಯವರೆಗೆ ಅದು ನಮ್ಮ ಅನೇಕರ ಕಥೆಯೇ. ಹತ್ತು ಹನ್ನೆರಡರ ಪ್ರಾಯದಲ್ಲಿ ಬಸ್ಸನ್ನೋ ಹಡಗನ್ನೋ ಏರಿ ಈ ನಗರಕ್ಕೆ ಬಂದು, ಲೋಟ ತೊಳೆದು, ಮಾಳಿಗೆಯ ಮೇಲೆ ಮಲಗಿ ಬೆಳೆದವರ ಪೀಳಿಗೆಯೊಂದು ನಮ್ಮ ನಡುವೆ ಇದ್ದಿತು. ಆದರೆ ಮುಂದಿನ ದಾರಿ ಬೇರೆ. ಚಿತ್ರದ ಬಾಲಕನು ಹೊಡೆತದಿಂದಲೂ ಬಂದೂಕಿನಿಂದಲೂ ಮೇಲೇರುತ್ತಾನೆ. ನಮ್ಮವರು ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಕೆಲವರು ಗುಮಾಸ್ತರಾಗಿ, ಕೆಲವರು ವಕೀಲರಾಗಿ, ಕೆಲವರು ಹೋಟೇಲಿನ ಮಾಲಿಕರಾಗಿ ಮೇಲೇರಿದರು. ಛಾಯಾಗ್ರಹಣದಲ್ಲಿಯೂ, ಬಸ್ರೂರಿನ ರವಿಯವರ ಸಂಗೀತದಲ್ಲಿಯೂ ಆ ಚಿತ್ರವು ಉನ್ನತ ದರ್ಜೆಯದೆಂಬುದನ್ನು ಒಪ್ಪುತ್ತೇವೆ. ಆದರೆ ಮುಂಬಯಿಯಲ್ಲಿ ಬಡ ಕನ್ನಡಿಗನು ಉದ್ಧಾರವಾಗುವ ದಾರಿ ಅದೊಂದೇ ಎಂದು ನಮ್ಮ ಹುಡುಗರು ತಿಳಿಯುವುದಾದರೆ ಅದು ವಿಷಾದಕರ. ಕೋಲಾರದ ಗಣಿಗಳಲ್ಲಿ ತಲೆಮಾರುಗಳ ಕಾಲ ದುಡಿದ ಕಾರ್ಮಿಕರು 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದ ಸತ್ಯಕಥೆಯು, ಆ ಹೆಸರಿನ ಚಿತ್ರವು ಲೋಕವಿಖ್ಯಾತವಾದ ಮೇಲೂ ತೆರೆಗೆ ಬರಲು ಕಾದೇ ಇದೆ.

‘ವಿಕ್ರಾಂತ್ ರೋಣ’ದಲ್ಲಿ ಮೂರು ಆಯಾಮದ ಬೆಡಗು ಕಥೆಗಿಂತ ದೊಡ್ಡದಾಯಿತೆಂದು ನಮಗೆ ತೋರಿತು. ‘777 ಚಾರ್ಲಿ’ಯ ಬಗೆಗೆ ಅಂಥ ಆಕ್ಷೇಪವಿಲ್ಲ. ಕಿರಣ್‌ರಾಜ್ ಅವರು ನಿರ್ದೇಶಿಸಿದ ಈ ಚಿತ್ರದ ನಾಯಕನು ಕಾರಖಾನೆಯೊಂದರಲ್ಲಿ ದುಡಿಯುವ ಒಂಟಿ ಮನುಷ್ಯ. ಅವನ ಬದುಕಿಗೆ ಬಂದ ನಾಯಿಯೊಂದು ಅವನನ್ನು ಮನುಷ್ಯರ ಕಡೆಗೆ ತಿರುಗಿಸುತ್ತದೆ. ಪರ ಊರಿನಲ್ಲಿ ಹೆಂಡತಿ ಮಕ್ಕಳಿಂದ ದೂರವಿದ್ದು, ಬಾಡಿಗೆಯ ಕೋಣೆಯಲ್ಲಿ ಆರೇಳು ಜನರೊಡನೆ ಇದ್ದೂ ಒಂಟಿಯಾಗಿರುವವರಿಗೆ ಅದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಕರ್ನಾಟಕ ಸರಕಾರವು ಅದಕ್ಕೆ ತೆರಿಗೆಯ ವಿನಾಯಿತಿಯನ್ನು ನೀಡಿದ್ದು ಉಚಿತವಾಗಿತ್ತು.

ಇನ್ನು ‘ಕಾಂತಾರ’. ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟಿಯವರು 2008ರ ಹೊತ್ತಿಗೆ ಇದೇ ಅಂಧೇರಿಯಲ್ಲಿ ನಿರ್ಮಾಣಸಂಸ್ಥೆಯೊಂದರ ಆಫೀಸು ಹುಡುಗನಾಗಿ, ವಾಹನ ಚಾಲಕನಾಗಿ ದುಡಿದು, ಬೀದಿಬದಿಯ ವಡಾಪಾವು ತಿಂದು ದಿನ ಕಳೆದುದನ್ನು ತಾವೇ ಹೇಳಿಕೊಂಡಿದ್ದಾರೆ. ಅವರು ಕಂಬಳದ ಕೆಸರನ್ನೂ, ಕೋಲದ ದೊಂದಿಯನ್ನೂ, ಕಾಡಿನಂಚಿನ ಜನರ ಭೂಮಿಯ ಸಂಕಟವನ್ನೂ ತೆರೆಗೆ ತಂದರು. ಊರಿನ ನೇಮಕ್ಕೆ ವರ್ಷವರ್ಷವೂ ಇಲ್ಲಿಂದ ಹಣ ಕಳುಹಿಸಿಯೂ ರಜೆ ದೊರೆಯದೆ ಹೋಗಲಾರದೆ ಉಳಿದವರು ಆ ಕೊನೆಯ ದೃಶ್ಯದ ಮುಂದೆ ಕಣ್ಣೀರು ಹಾಕಿದ್ದರೆ ಆಶ್ಚರ್ಯವಿಲ್ಲ. 2024ರ ಆಗಸ್ಟಿನಲ್ಲಿ ಆ ಪಾತ್ರಕ್ಕಾಗಿ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಘೋಷಿತವಾಯಿತು. ಆದರೂ ನಾಯಕನು ನಾಯಕಿಯೊಡನೆ ವರ್ತಿಸುವ ರೀತಿಯನ್ನು ವಿನೋದವೆಂದು ತೋರಿಸಿದ್ದು ಆ ಚಿತ್ರಕ್ಕೆ ಶೋಭೆ ತರುವಂಥದಲ್ಲ. ದೈವದ ಮುಂದೆ ಸತ್ಯವನ್ನು ಬೇಡುವ ಕಥೆಯಲ್ಲಿ ಹೆಣ್ಣಿನ ಮಾನಕ್ಕೂ ಅಷ್ಟೇ ಸ್ಥಾನವಿರಬೇಕಿತ್ತು.

ಚಿತ್ರದ ತರುವಾಯ ನಡೆದ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು ಶುಭದ್ದು. 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಯ ಮಾಸಾಶನವನ್ನು ಘೋಷಿಸಿತು. ಮೊತ್ತವು ಅಲ್ಪವೇ; ಆದರೆ ತಲೆಮಾರುಗಳಿಂದ ಕೋಲ ಕಟ್ಟಿಯೂ ಬಡತನದಲ್ಲಿಯೇ ಉಳಿದವರನ್ನು ಸರಕಾರ ನೆನೆದದ್ದು ಸಾರ್ಥಕ. ಎರಡನೆಯದು ಅಶುಭದ್ದು. ಚಿತ್ರಮಂದಿರಗಳಲ್ಲಿಯೂ ವೇದಿಕೆಗಳಲ್ಲಿಯೂ ಪ್ರೇಕ್ಷಕರು ದೈವದ ವೇಷ ಧರಿಸಿ ಕೂಗಿ ಕುಣಿಯತೊಡಗಿದರು. 2025ರ ಅಕ್ಟೋಬರಿನಲ್ಲಿ ನಿರ್ಮಾಪಕರೇ ಹೇಳಿಕೆ ಹೊರಡಿಸಿ ಇಂಥ ಅನುಕರಣೆಯನ್ನು ಬಿಡಬೇಕೆಂದು ವಿನಂತಿಸಬೇಕಾಯಿತು. ನಂಬಿಕೆಯನ್ನು ತೆರೆಗೆ ತಂದವರ ಹೊಣೆ ಒಂದು ಬಗೆಯದಾದರೆ, ನೋಡುವವರ ಹೊಣೆ ಇನ್ನೊಂದು ಬಗೆಯದು. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಇಂಥ ಪ್ರದರ್ಶನಕ್ಕೆ ಎಡೆಯಿರಕೂಡದು.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಕೆ.ಜಿ.ಎಫ್.’ನ ಎರಡನೆಯ ಅಧ್ಯಾಯದ ಹಿಂದಿ ಅವತರಣಿಕೆಯೊಂದೇ 400 ಕೋಟಿ ರೂಪಾಯಿಗಳಿಗೂ ಮಿಕ್ಕಿ ಗಳಿಸಿತು. ‘ಕಾಂತಾರ’ದ ಹಿಂದಿ ಅವತರಣಿಕೆಯು ಮೂಲಚಿತ್ರ ಬಂದ ಎರಡು ವಾರಕ್ಕೆ, ಅಕ್ಟೋಬರ್ 14ರಂದು ತೆರೆಕಂಡಿತು. ಹಿಂದಿಯವರು ಹಿಂದಿಯಲ್ಲಿ ನೋಡುವುದು ಸಹಜವೇ ಸರಿ. ಆದರೆ ಕನ್ನಡಿಗರ ಮನೆಯ ಮಕ್ಕಳೂ ಹಿಂದಿಯಲ್ಲಿಯೇ ನೋಡಿ ಬಂದರೆಂಬುದನ್ನು ಏನೆನ್ನಬೇಕು? ಕುಂದಾಪುರದ ಕಡೆಯ ಆ ಮಾತಿನ ಸೊಗಸು, ತಾಯಿಯು ಮಗನನ್ನು ಬೈಯುವ ಬೈಗುಳದ ರುಚಿ ಹಿಂದಿಗೆ ದಾಟಲಾರದು. ಅಜ್ಜಿ ಆಡುವ ಮಾತನ್ನು ತೆರೆಯ ಮೇಲೆ ಕೇಳಿ, ಇದು ಕೇವಲ ಅಡುಗೆಮನೆಯ ಭಾಷೆಯಲ್ಲ, ಲೋಕವೇ ಕಿವಿಗೊಡುವ ಭಾಷೆ ಎಂದು ಮಗುವೊಂದು ತಿಳಿಯುವ ಅವಕಾಶವು ಹೀಗೆ ಕೈತಪ್ಪಿತು.

ದೋಷವು ಪೂರ್ತಿಯಾಗಿ ತಂದೆತಾಯಿಯರದಲ್ಲ. ಈ ನಗರದಲ್ಲಿ ಹಿಂದಿಗೆ ಹತ್ತು ಆಟಗಳಿದ್ದರೆ ಕನ್ನಡಕ್ಕೆ ಒಂದೆರಡು. ಅವೂ ಬೆಳಗಿನ ಹೊತ್ತಿನಲ್ಲಿಯೋ ದೂರದ ಉಪನಗರದಲ್ಲಿಯೋ. ಹೋಟೇಲು ಕಾರ್ಮಿಕನಿಗೆ ಬೆಳಗೆಂದರೆ ತಿಂಡಿಯ ಗಲಾಟೆಯ ಹೊತ್ತು. ಗುಮಾಸ್ತನಿಗೆ ಲೋಕಲ್ ಗಾಡಿಯ ಹೊತ್ತು. ನಾಲ್ವರ ಕುಟುಂಬವೊಂದು ದೊಡ್ಡ ಮಾಲಿನ ಚಿತ್ರಮಂದಿರಕ್ಕೆ ಹೋಗಿಬಂದರೆ ಹಲವು ದಿನಗಳ ದುಡಿಮೆ ಕರಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರವು ಟಿಕೆಟಿಗೆ 200 ರೂಪಾಯಿಯ ಮಿತಿಯನ್ನು ಹಾಕಿತಾದರೂ, ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ಆ ಮಿತಿ ಜಾರಿಗೆ ಬಂದಿದ್ದರೂ ಮುಂಬಯಿಯ ನಮಗೆ ಅದರ ಫಲ ದೊರೆಯುತ್ತಿರಲಿಲ್ಲ.

ಹೀಗಿರುವಾಗ ನಾವು ಮಾಡಬಹುದಾದದ್ದೇನು? ಚಿತ್ರಮಂದಿರದವರು ವ್ಯಾಪಾರಿಗಳು; ಬೇಡಿಕೆ ಕಂಡಲ್ಲಿ ಆಟ ಇಡುತ್ತಾರೆ. ಒಬ್ಬೊಬ್ಬನೇ ಹೋಗಿ ಕೇಳಿದರೆ ಕೇಳದವರು ನೂರಿನ್ನೂರು ಆಸನಗಳನ್ನು ಮುಂಗಡವಾಗಿ ಕೊಂಡರೆ ಕೇಳಿಯೇ ಕೇಳುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹೀಮಿನ ಕರ್ನಾಟಕ ಸಂಘ ಮೊದಲಾದ ಹಿರಿಯ ಸಂಸ್ಥೆಗಳೂ, ನಮ್ಮ ಜಾತೀಯ ಸಂಘಗಳೂ ಯಕ್ಷಗಾನಕ್ಕೂ ನಾಟಕಕ್ಕೂ ಜನ ಸೇರಿಸಬಲ್ಲುವಾದರೆ, ತಿಂಗಳಿಗೊಮ್ಮೆ ಒಂದು ಕನ್ನಡ ಚಿತ್ರಕ್ಕೆ ಸೇರಿಸಲಾರವೆ? ಹೋಟೇಲು ಮಾಲಿಕರು ಪಾಳಿಯನ್ನು ಹೊಂದಿಸಿ ಕೆಲಸಗಾರರಿಗೆ ಅರ್ಧ ದಿನದ ಬಿಡುವು ಕೊಟ್ಟರೆ ಅವರ ವ್ಯಾಪಾರ ಮುಳುಗಿಹೋಗದು.

ಅಂಥ ಆಟವು ಅಬ್ಬರದ ಚಿತ್ರಗಳಿಗೆ ಮಾತ್ರ ಮೀಸಲಾಗಬಾರದು. ದೊಡ್ಡ ಚಿತ್ರವು ನಮ್ಮ ಆಶ್ರಯವಿಲ್ಲದೆಯೂ ಬದುಕೀತು. 2025ರ ಜುಲೈ 25ರಂದು ಬಂದ ‘ಸು ಫ್ರಮ್ ಸೋ’ ಚಿತ್ರದಲ್ಲಿ ದೊಡ್ಡ ನಾಯಕನೂ ಇರಲಿಲ್ಲ, ಜಾಹೀರಾತಿನ ಆರ್ಭಟವೂ ಇರಲಿಲ್ಲ. ಕರಾವಳಿಯ ಹಳ್ಳಿಯೊಂದರ ಯುವಕನ ಮೈಮೇಲೆ ಸೋಮೇಶ್ವರದ ಸುಲೋಚನೆಯ ದೆವ್ವ ಬಂದಿದೆಯೆಂಬ ಪುಕಾರಿನಿಂದ ಹುಟ್ಟಿದ ನಗೆಯ ಕಥೆಯು ನೋಡಿದವರ ಬಾಯಿಮಾತಿನಿಂದಲೇ ಹಬ್ಬಿ ಗೆದ್ದಿತು. ಹಿಂದಿನವರು ಒಂದು ಚಿತ್ರದ ಹಿರಿಮೆಯನ್ನು ಅದು ಓಡಿದ ವಾರಗಳಿಂದ ಅಳೆಯುತ್ತಿದ್ದರು. 1972ರ ‘ಬಂಗಾರದ ಮನುಷ್ಯ’ವಾಗಲಿ, 2006ರ ಕೊನೆಯಲ್ಲಿ ತೆರೆಗೆ ಬಂದ ‘ಮುಂಗಾರು ಮಳೆ’ಯಾಗಲಿ ಹಾಗೆ ಅಳೆಯಲ್ಪಟ್ಟುವು. ಮೊದಲ ಮೂರು ದಿನಗಳ ಕೋಟಿಗಳಿಂದ ಅಳೆಯುವ ಇಂದಿನ ಪದ್ಧತಿಯಲ್ಲಿ ಬಾಯಿಮಾತಿಗೆ ಕಾಲಾವಕಾಶವೇ ಇಲ್ಲ. ಸಣ್ಣ ಚಿತ್ರವು ಒಳ್ಳೆಯದೆಂಬ ಸುದ್ದಿ ಥಾಣೆಯಿಂದ ಡೊಂಬಿವಲಿಗೆ ತಲಪುವಷ್ಟರಲ್ಲಿ ಅದನ್ನು ಎತ್ತಂಗಡಿ ಮಾಡಿರುತ್ತಾರೆ.

ಆದಕಾರಣ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ದೊಡ್ಡ ಚಿತ್ರ ಬಂದಾಗ ಟಿಕೆಟಿನ ಕಿಂಡಿಯಲ್ಲಿ ಭಾಷೆ ಯಾವುದೆಂದು ಕೇಳಿ, ಕನ್ನಡದ್ದನ್ನೇ ಕೊಳ್ಳಿರಿ. ಅದು ದೊರೆಯದಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿರಿ. ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ದು, ತಿಳಿಯದ ಮಾತನ್ನು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿರಿ.