ಹೆಚ್ಚು ಕೊಟ್ಟರೆ ಸಾಲದೆನ್ನುವ ಗಣಕ

ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟ ತಂದೆ 1999ರಿಂದ ಆರೇಳು ವರ್ಷ ಗಿರಾಕಿಗಳ ಉದ್ರಿ ಲೆಕ್ಕವನ್ನೆಲ್ಲ ವಿಂಡೋಸ್ 98 ಇದ್ದ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಯಂತ್ರ ಕೆಟ್ಟು ಮೂಲೆ ಸೇರಿತು. ಲೆಕ್ಕದ ಕಡತಗಳಿದ್ದ ಸಿ.ಡಿ. ಬೀರುವಿನಲ್ಲಿ ಉಳಿಯಿತು. ಡಾಸ್ ಕಾಲದ ಆ ತಂತ್ರಾಂಶ ಇಂದಿನ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಪಿಯುಸಿ ಓದುವ ಮಗಳು ಒಂದು ಉಪಾಯ ಹೂಡಿದಳು. ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುಯಲ್ ಮಷೀನ್ ಮಾಡಿ, ಅದರಲ್ಲಿ ವಿಂಡೋಸ್ 98 ಹಾಕಿದಳು.

ವರ್ಚುಯಲ್ ಮಷೀನ್ ಎಂದರೇನು? ಇಡೀ ಕಂಪ್ಯೂಟರಿನ ವೇಷ ಹಾಕುವ ಒಂದು ತಂತ್ರಾಂಶ. ಅದಕ್ಕೆ ಎಷ್ಟು ಮೆಮೊರಿ ಇರಬೇಕೆಂದು ಒಂದು ಅಂಕಿ ಬರೆದರೆ ಸಾಕು, ಅಷ್ಟು ದೊರೆಯುತ್ತದೆ. ಅಂಗಡಿಗೆ ಹೋಗಿ ಚಿಪ್ ಕೊಳ್ಳಬೇಕಾಗಿಲ್ಲ. ಮಗಳು ಮೊದಲು 64 ಎಂಬಿ ಕೊಟ್ಟಳು. ವಿಂಡೋಸ್ ಚೆನ್ನಾಗಿಯೇ ಬಂತು. ಇನ್ನೂ ವೇಗವಾಗಲಿ ಎಂದು 1,024 ಎಂಬಿಗೆ, ಅಂದರೆ 1 ಜಿಬಿಗೆ ಏರಿಸಿದಳು. ತೆರೆಯ ಮೇಲೆ ಮೂಡಿದ ದೂರು ಹೀಗಿತ್ತು: ವಿಂಡೋಸ್ ಆರಂಭಿಸಲು ಮೆಮೊರಿ ಸಾಲದು! ಸಾಲದಿದ್ದರೆ ಇನ್ನಷ್ಟು ಕೊಡೋಣವೆಂದು 2 ಜಿಬಿ ಕೊಟ್ಟಳು. ಆಗಲೂ ಏಳಲಿಲ್ಲ. "ಹಳೇದೆಲ್ಲ ಕೆಟ್ಟಿರಬೇಕು ಮಗಳೇ, ಅಳಿಸಿಬಿಡು" ಎಂದರು ತಂದೆ.

ಕೆಟ್ಟದ್ದು ಏನೂ ಇರಲಿಲ್ಲ. ಕೊರತೆ ಇದ್ದದ್ದು ಮೆಮೊರಿಯಲ್ಲಲ್ಲ, ವಿಳಾಸಗಳಲ್ಲಿ.

ಒಂದು ಬಡಾವಣೆಯನ್ನು ನೆನೆಯೋಣ. ಎಷ್ಟೇ ಮನೆ ಕಟ್ಟಿದರೂ ಪುರಸಭೆ ಮನೆ ನಂಬರು ಕೊಡದಿದ್ದರೆ ಅಂಚೆಯವನಿಗೆ ಅವು ಇಲ್ಲದಂತೆಯೇ. ಗಣಕದ ಮೆಮೊರಿಯಲ್ಲೂ ಒಂದೊಂದು ಬೈಟಿಗೆ ಒಂದೊಂದು ನಂಬರು ಬೇಕು. ವಿಂಡೋಸ್ 98 ಈ ನಂಬರನ್ನು 32 ಬಿಟ್‌ಗಳಲ್ಲಿ ಬರೆಯುತ್ತದೆ. 2ರ 32ನೆಯ ಘಾತವೆಂದರೆ ಸುಮಾರು 429 ಕೋಟಿ ನಂಬರು, ಅಂದರೆ 4 ಜಿಬಿ. ಅದರಲ್ಲಿ ಮೇಲಿನ ಕಾಲುಭಾಗ, 1 ಜಿಬಿಯಷ್ಟು, ವ್ಯವಸ್ಥೆಯ ಸ್ವಂತ ಕೆಲಸಕ್ಕೆ ಮೀಸಲು.

ಆ ಮೀಸಲು ಬೀದಿಯಲ್ಲಿ ವಿಕ್ಯಾಶ್ ಎಂಬ ಉಗ್ರಾಣಿಯೊಬ್ಬನಿದ್ದಾನೆ. ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ಮತ್ತೆ ಕೇಳಿದಾಗ ಬೇಗ ಕೊಡಲೆಂದು ಮೆಮೊರಿಯಲ್ಲಿ ಕೂಡಿಡುವುದು ಅವನ ಕೆಲಸ. ಯಂತ್ರದಲ್ಲಿ ಮೆಮೊರಿ ಎಷ್ಟಿದೆಯೆಂದು ನೋಡಿ, ಅದಕ್ಕೆ ತಕ್ಕಷ್ಟು ನಂಬರುಗಳನ್ನು ಅವನು ತನ್ನ ಹೆಸರಿಗೆ ಹಿಡಿದಿಡುತ್ತಾನೆ. ವಿಂಡೋಸ್ 98ಕ್ಕೆ ಕನಿಷ್ಠ 16 ಎಂಬಿ ಸಾಕೆಂದಿದ್ದ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಮೆಮೊರಿ 512 ಎಂಬಿ ದಾಟಿದಾಗ ಮಾತ್ರ ಇಡೀ ಬೀದಿಯೇ ಉಗ್ರಾಣಿಯ ಪಾಲಾಗಿ, ಉಳಿದವರಿಗೆ ನಂಬರು ಸಿಗದೆ ಹೋಗಬಹುದು. ಆಗ ಬರುವ ದೂರೇ 'ಮೆಮೊರಿ ಸಾಲದು'. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಪರಿಹಾರ ಸುಲಭ. ವರ್ಚುಯಲ್ ಮಷೀನನ್ನು ನಿಲ್ಲಿಸಿ ಮೆಮೊರಿಯನ್ನು 256 ಎಂಬಿಗೆ ಇಳಿಸಬೇಕು. ಹೆಚ್ಚು ಬೇಕೇ ಬೇಕು ಎನ್ನುವವರು ಸಿಸ್ಟಮ್.ಐಎನ್‌ಐ ಕಡತದ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಎಂಬ ಸಾಲು ಸೇರಿಸಿ, 524288 ಅಥವಾ ಅದಕ್ಕಿಂತ ಕಡಿಮೆ ಅಂಕಿ ಕೊಡಬೇಕು. ಇದು ಕೆಬಿ ಲೆಕ್ಕ. 524288 ಕೆಬಿ ಎಂದರೆ 512 ಎಂಬಿ. ಉಗ್ರಾಣಿಗೆ ಹಾಕಿದ ಬೇಲಿ ಇದು. ಮೆಮೊರಿ ಇನ್ನೂ ಬಹಳ ಏರಿದರೆ ಈ ಬೇಲಿಯೂ ಸಾಲದೆ ಹೋಗಬಹುದು.

ಮಗಳು 256 ಎಂದು ಬರೆದಳು. ವಿಂಡೋಸ್ ಎದ್ದಿತು. ಆದರೆ ಲೆಕ್ಕದ ತಂತ್ರಾಂಶ ತೆರೆದರೆ ಮತ್ತೆ ಅದೇ ರಾಗ: ಮೆಮೊರಿ ಸಾಲದು!

ದೂರು ಒಂದೇ, ಕಾರಣ ಬೇರೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8088 ಸಂಸ್ಕಾರಕಕ್ಕೆ ವಿಳಾಸದ ತಂತಿಗಳು 20 ಮಾತ್ರ. 2ರ 20ನೆಯ ಘಾತ 10,48,576. ಅಂದರೆ 1 ಎಂಬಿ. ಅದರಲ್ಲಿ 384 ಕೆಬಿ ತೆರೆ ಮತ್ತು ಬಯಾಸ್ ಮುಂತಾದವುಗಳಿಗೆ ಮೀಸಲು. ತಂತ್ರಾಂಶಗಳಿಗೆ ಉಳಿದದ್ದು 640 ಕೆಬಿ. ಡಾಸ್ ಆ ಕಟ್ಟುಪಾಡಿನಲ್ಲೇ ಬೆಳೆಯಿತು. ಸಿ.ಡಿ., ಮೌಸುಗಳ ಡ್ರೈವರುಗಳೂ ಈ 640ರಲ್ಲೇ ಬಂದು ಕೂತರೆ, ಉಳಿದ 255 ಎಂಬಿ ಖಾಲಿ ಬಿದ್ದಿದ್ದರೂ ಹಳೆಯ ತಂತ್ರಾಂಶಕ್ಕೆ ಕಾಲಿಡಲು ಜಾಗವಿರುವುದಿಲ್ಲ.

ಯಾರು ಎಷ್ಟು ಜಾಗ ಹಿಡಿದಿದ್ದಾರೆಂದು ಡಾಸ್‌ನ 'ಮೆಮ್ /ಸಿ' ಆದೇಶ ಪಟ್ಟಿ ಮಾಡಿ ತೋರಿಸುತ್ತದೆ. ಕಾನ್ಫಿಗ್.ಸಿಸ್ ಕಡತದಲ್ಲಿ ಮೊದಲು ಹೈಮೆಮ್, ಆಮೇಲೆ ಇಎಂಎಂ386ನ್ನು ನೋಇಎಂಎಸ್ ಸೂಚನೆಯೊಡನೆ ಸೇರಿಸಿ, 'ಡಾಸ್=ಹೈ,ಯುಎಂಬಿ' ಎಂದು ಬರೆದರೆ 640ರ ಮೇಲಿನ ಸಂದುಗಳು ತೆರೆದುಕೊಳ್ಳುತ್ತವೆ. ಡ್ರೈವರುಗಳನ್ನು ಡಿವೈಸ್‌ಹೈ ಆದೇಶದಿಂದ ಅಲ್ಲಿಗೆ ಕಳುಹಿಸಬಹುದು. ಬೇಡದ ಡ್ರೈವರಿನ ಸಾಲನ್ನು ತೆಗೆದುಹಾಕುವುದು ಇನ್ನೂ ಸರಳ. ಮಗಳು ಹಾಗೆಯೇ ಮಾಡಿದಳು.

ಇಂಥ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಮೂರು ನಿಯಮ ಪಾಲಿಸಬೇಕು. ಮೊದಲನೆಯದು, ಏನನ್ನೂ ಬದಲಿಸುವ ಮುನ್ನ ವರ್ಚುಯಲ್ ಡಿಸ್ಕಿನ ಒಂದು ಪ್ರತಿ ತೆಗೆದಿಡಬೇಕು. ಎರಡನೆಯದು, ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಬೇಕು. ಮೆಮೊರಿಯನ್ನು 16, 64, 256, 1,024 ಎಂದು ಏರಿಸುತ್ತ ಹೋದರೆ ಎಲ್ಲಿ ಎಡವುತ್ತದೆಂಬುದು ತಾನಾಗಿ ತಿಳಿಯುತ್ತದೆ. ಮೂರನೆಯದು, ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2006ರ ಜುಲೈ 11ಕ್ಕೆ ನಿಂತಿದೆ. ಆದ್ದರಿಂದ ಅದಕ್ಕೆ ಅಂತರ್ಜಾಲದ ಸಂಪರ್ಕ ಕೊಡಬಾರದು.

ಮಕ್ಕಳು ಹಳೆಯ ಯಂತ್ರದೊಡನೆ ಹೆಣಗುವುದನ್ನು ಕಂಡು ಕಾಲಹರಣವೆಂದು ಗದರುವ ಪಾಲಕರೂ ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಘಾತಾಂಕದ ಪಾಠ ಪಠ್ಯಪುಸ್ತಕದಿಂದ ಹೊರಗೆ ಬರುವುದು ಇಂಥ ಹೊತ್ತಿನಲ್ಲೇ.

ಆ ಸಂಜೆ ಲೆಕ್ಕದ ಪುಟ ತೆರೆಯಿತು. ತಂದೆ ಕುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಹೆಸರು ಓದುತ್ತ ಹೋದರು. ಅಳಿಸುವ ಮಾತು ಮತ್ತೆ ಬರಲಿಲ್ಲ.